ಪಟದಲ್ಲಿಲ್ಲದ ರೊಪ್ಪ

1993ರ ಜೂನ್ ತಿಂಗಳು. ಮೊಳಕಾಲ್ಮುರು ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಗೆ ನಾನು ವರ್ಗವಾಗಿ ಬಂದು ಒಂದು ವರ್ಷವಾಗಿತ್ತು. ಹಿಂದಿನ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಉರುಳಿ, ದೇಶದ ಎಷ್ಟೋ ಊರುಗಳಲ್ಲಿ ಹೆಣಗಳು ಬಿದ್ದಿದ್ದವು. ನಮ್ಮ ಹಳ್ಳಿಯಲ್ಲಿ ಗಲಾಟೆಯೇನೂ ಆಗಲಿಲ್ಲ. ಆದರೂ ನಮ್ಮ ಹೆಡ್‌ಮಾಸ್ತರರಿಗೆ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿಸಬೇಕು ಅನ್ನಿಸಿತು. ಚಿತ್ರದುರ್ಗಕ್ಕೆ ಮೀಟಿಂಗಿಗೆ ಹೋದವರು ಬರುವಾಗ ಒಂದು ದೊಡ್ಡ ಪಟ ತಂದರು. ಅದರಲ್ಲಿ ನಾಲ್ಕು ಚಿತ್ರ: ಗುಡಿ, ಮಸೀದಿ, ಚರ್ಚು, ಗುರುದ್ವಾರ. ಕೆಳಗೆ ನಾಲ್ಕು ಮಕ್ಕಳು ಕೈ ಕೈ ಹಿಡಿದು ನಿಂತಿದ್ದರು. "ಸಮಾಜ ಪಾಠ ನಿಮ್ಮದೇ ತಾನೇ ಮೇಡಂ, ಇದನ್ನೂ ನೀವೇ ಹೇಳಿಬಿಡಿ" ಎಂದು ಪಟವನ್ನು ನನ್ನ ಕೈಗೆ ಕೊಟ್ಟರು.

ಹೇಳಿದೆ. ಎಲ್ಲ ಧರ್ಮಗಳೂ ಒಂದೇ ಮಾತನ್ನು ಹೇಳುತ್ತವೆ, ದಾರಿ ಬೇರೆ ಊರು ಒಂದೇ ಎಂದೆಲ್ಲ ಮುಕ್ಕಾಲು ಗಂಟೆ ಹೇಳಿದೆ. ಕೊನೆಗೆ, "ನಿಮ್ಮ ನಿಮ್ಮ ಧರ್ಮದ ಚಿತ್ರ ಯಾವುದು, ಬಂದು ಮುಟ್ಟಿ ತೋರಿಸಿ" ಎಂದೆ. ಮುಸ್ಲಿಮರ ಹುಡುಗ ಬಂದು ಮಸೀದಿ ಮುಟ್ಟಿದ. ನೇಕಾರರ ಮಕ್ಕಳು, ಲಿಂಗಾಯತರ ಮಕ್ಕಳು ಗುಡಿ ಮುಟ್ಟಿದರು. ಆಮೇಲೆ ಮ್ಯಾಸನಾಯಕರ ಹುಡುಗನೊಬ್ಬ ಎದ್ದು ಬಂದ. ಪಟವನ್ನು ಆ ಕಡೆಯಿಂದ ಈ ಕಡೆಗೆ ನೋಡಿದ, ಹಿಂದೆ ಏನಾದರೂ ಇದೆಯೋ ಎಂದು ತಿರುಗಿಸಿಯೂ ನೋಡಿದ. "ಮೇಡಂ, ನಮ್ಮ ರೊಪ್ಪ ಎಲ್ಲೈತೆ ಇದ್ರಾಗೆ?" ಎಂದು ಕೇಳಿದ.

ಆ ಕಡೆಯವರಲ್ಲದವರಿಗೆ ಇದು ಗೊತ್ತಾಗಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಮ್ಯಾಸನಾಯಕರು, ಕಾಡುಗೊಲ್ಲರು ದೇವರ ಎತ್ತುಗಳನ್ನು ಸಾಕುತ್ತಾರೆ. ಆ ದನಗಳನ್ನು ನೇಗಿಲಿಗೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ. ಅವನ್ನು ಕಾಯುವುದಕ್ಕೆಂದೇ ಕಿಲಾರಿಗಳಿದ್ದಾರೆ. ಆ ದನಗಳು ಕೂಡುವ ಬೇಲಿ ಕಟ್ಟಿದ ಜಾಗವೇ ರೊಪ್ಪ. ಅದು ಕೊಟ್ಟಿಗೆಯೂ ಹೌದು, ಗುಡಿಯೂ ಹೌದು. ನಮ್ಮ ಶಾಲೆಯಲ್ಲಿ ಯಾರೊಬ್ಬರೂ, ನಾನೂ ಸೇರಿದಂತೆ, ಗುರುದ್ವಾರವನ್ನು ಕಣ್ಣಿನಿಂದ ಕಂಡವರಲ್ಲ. ಅದು ಪಟದಲ್ಲಿತ್ತು. ದಿನಾ ಕಾಣುವ ರೊಪ್ಪ ಪಟದಲ್ಲಿರಲಿಲ್ಲ.

"ಅದೂ ಗುಡಿಯೇ ಕಣಪ್ಪ, ಗುಡಿ ಮುಟ್ಟು" ಎಂದೆ. ಅವನು ಮುಟ್ಟಲಿಲ್ಲ, ಹೋಗಿ ಕೂತುಬಿಟ್ಟ. ಅವನ ಹಿಂದೆ ಇನ್ನೂ ಆರೇಳು ಮಕ್ಕಳು ಏಳಲೇ ಇಲ್ಲ. ಅವರಲ್ಲಿ ಗೊಲ್ಲರಹಟ್ಟಿಯಿಂದ ಬರುತ್ತಿದ್ದ ಏಳನೇ ತರಗತಿಯ ಒಬ್ಬ ಹುಡುಗಿಯೂ ಇದ್ದಳು. ಅವಳ ಹೆಸರು ಇಲ್ಲಿ ಬೇಡ.

ಆ ರಾತ್ರಿ ನನಗೆ ಅವಮಾನವಾದಂತೆ ಆಗಿತ್ತು, ನಿಜ ಹೇಳುತ್ತೇನೆ. ನಾನು ಚಳ್ಳಕೆರೆಯವಳು. ಕಡಲೆಕಾಯಿ ಎಣ್ಣೆ ಮಿಲ್ಲುಗಳ ವಾಸನೆಯಲ್ಲಿ ಬೆಳೆದವಳು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಅಪ್ಪನ ಹೆಗಲ ಮೇಲೆ ಹೋದವಳು. ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳು ಹೊದಿಸಿದ ಗುಡಿಯನ್ನು ಬರಿಗಾಲಲ್ಲಿ ಹತ್ತಿ ಕಳಸ ಇಳಿಸುವುದನ್ನು ಬಾಯಿ ಬಿಟ್ಟುಕೊಂಡು ಕೇಳಿದವಳು. ಮೊಹರಮ್ಮಿಗೆ, ನಮ್ಮ ಕಡೆ ಪೀರ್ಲಬ್ಬ ಎನ್ನುತ್ತಾರೆ, ನಮ್ಮಮ್ಮನೇ ಸಕ್ಕರೆ ಓದಿಸಿಕೊಂಡು ಬರುತ್ತಿದ್ದಳು. ಇಷ್ಟೆಲ್ಲ ಕಣ್ಣ ಮುಂದೆ ಇದ್ದೂ ಶಾಲೆಯೊಳಗೆ ಕಾಲಿಟ್ಟ ಕೂಡಲೇ ಧರ್ಮ ಅಂದರೆ ನಾಲ್ಕು ಚಿತ್ರ ಅಂತ ನನ್ನ ತಲೆಯಲ್ಲಿ ಹೇಗೆ ಕೂತುಕೊಂಡಿತು?

ಆಮೇಲೆ ನಾನು ಈ ವಿಚಾರವಾಗಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಬೇರೆ ಶಾಲೆಗಳಲ್ಲೂ ಒಪ್ಪಿಗೆ ಇಲ್ಲದೆ ಮಗುವನ್ನು ಅಂಥ ಪಾಠಕ್ಕೆ, ಪ್ರಾರ್ಥನೆಗೆ ಕೂರಿಸುವಂತಿಲ್ಲ. ಮಗು ಚಿಕ್ಕದಾದರೆ ಆ ಒಪ್ಪಿಗೆಯನ್ನು ಪೋಷಕರು ಕೊಡಬೇಕು. ಹಾಗಾದರೆ ಧರ್ಮದ ಮಾತೇ ಎತ್ತಬಾರದೇ? ಈ ಪ್ರಶ್ನೆ ದೊಡ್ಡವರನ್ನೂ ಕಾಡಿದೆ. 1959ರಲ್ಲಿ ಶ್ರೀಪ್ರಕಾಶರ ಸಮಿತಿಯೊಂದನ್ನು ಕೂರಿಸಿದ್ದರು. ಚಿಕ್ಕ ಮಕ್ಕಳಿಗೆ ಎಲ್ಲ ಧರ್ಮಗಳ ಸಂತರ, ಪ್ರವಾದಿಗಳ ಕಥೆ ಹೇಳಿ ಎಂದಿತು ಅದು. 1964ರಿಂದ 66ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಇನ್ನೂ ಬಿಡಿಸಿ ಹೇಳಿತು: ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. ಮೊದಲನೆಯದು ಜಾತ್ಯತೀತ ಸರ್ಕಾರದ ಕೆಲಸವಲ್ಲ, ಎರಡನೆಯದು ಬೇಕೇ ಬೇಕು. ಮುಂದೆ 2002ರಲ್ಲಿ ಅರುಣಾ ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೂಡ ಧರ್ಮಗಳ ಬಗ್ಗೆ ಕಲಿಸುವುದಕ್ಕೆ 28ನೇ ವಿಧಿ ಅಡ್ಡ ಬರುವುದಿಲ್ಲ ಎಂದಿತು.

ಇಂಗ್ಲೆಂಡಿನಲ್ಲಿ ಇದರ ತದ್ವಿರುದ್ಧ. ಅಲ್ಲಿ 1944ರ ಕಾಯಿದೆ ಸರ್ಕಾರಿ ಶಾಲೆಗಳಲ್ಲಿ ಧರ್ಮದ ಪಾಠವನ್ನು ಕಡ್ಡಾಯ ಮಾಡಿತು, ಬೇಡವೆಂದವರು ಮಗುವನ್ನು ಹೊರಗಿಡಬಹುದು. ಮೊದಮೊದಲು ಅದು ಬೈಬಲ್ ಪಾಠವೇ ಆಗಿತ್ತು. ನಮ್ಮ ದೇಶದವರು, ಪಾಕಿಸ್ತಾನದವರು, ವೆಸ್ಟ್ ಇಂಡೀಸಿನವರು ಹೋಗಿ ನೆಲೆಸಿದ ಬರ್ಮಿಂಗ್‌ಹ್ಯಾಮ್ ನಗರ 1975ರಲ್ಲಿ ಬೇರೆ ಬೇರೆ ಧರ್ಮಗಳನ್ನು ಸೇರಿಸಿ ಹೊಸ ಪಠ್ಯಕ್ರಮ ಮಾಡಿತು. ದೇವರನ್ನು ನಂಬದವರ ವಿಚಾರವನ್ನೂ ಅದರಲ್ಲಿ ಸೇರಿಸಿದ್ದಕ್ಕೆ ದೊಡ್ಡ ರಾದ್ಧಾಂತವಾಯಿತಂತೆ. ಒಬ್ಬರಿಗೆ ಕಡ್ಡಾಯ, ಒಬ್ಬರಿಗೆ ನಿಷಿದ್ಧ, ಕೊನೆಗೆ ಎರಡೂ ಕಡೆ ಗೋಡೆಗೆ ಅದೇ ಪಟ ಬಂದು ಕೂತಿತು ಅಂತ ನನಗೆ ನಗು ಬರುತ್ತದೆ.

ಕಾಗದದ ಮೇಲೆ ಬೋಧನೆ, ತಿಳಿವಳಿಕೆ ಎಂದು ಬಿಡಿಸುವುದು ಸುಲಭ. ಆರನೇ ಕ್ಲಾಸಿನ ಮುಂದೆ ನಿಂತಾಗ ಎಲ್ಲಿ ಗೆರೆ ಎಳೆಯುವುದು? ಮಕ್ಕಳಿಗೆ "ನಿಮ್ಮ ಧರ್ಮ ಯಾವುದು" ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ದೊಡ್ಡವರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾರೆ, ಇಲ್ಲವೇ ಸುಮ್ಮನಿರುತ್ತಾರೆ. ಮಗುವಿಗೆ ಚೆನ್ನಾಗಿ ಗೊತ್ತಿರುವುದು ಮನೆಯಲ್ಲಿ ಏನು ಮಾಡಿದರೆ ಬೈಸಿಕೊಳ್ಳಬೇಕಾಗುತ್ತದೆ ಅನ್ನುವುದು. ಆದ್ದರಿಂದ ಮುಂದಿನ ವಾರ ಪಟ ಸುತ್ತಿಟ್ಟು, "ನಿಮ್ಮ ಮನೆಯಲ್ಲಿ ಏನೇನು ಮಾಡಬಾರದು, ಮನೆಯವರನ್ನು ಕೇಳಿ ಬರೆದುಕೊಂಡು ಬನ್ನಿ" ಎಂದೆ.

ಅಬ್ಬಾ, ಎಂಥ ಪಟ್ಟಿಗಳು ಬಂದವು ಗೊತ್ತೇ! ರೊಪ್ಪದ ಹುಡುಗ ಕೋಳಿ ತಿನ್ನಬಾರದು ಎಂದು ಬರೆದ. ಕುರಿ ತಿನ್ನಬಹುದು, ಕೋಳಿ ಕೂಡದು. ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಜಾತಿ, ತಿನ್ನುವವರು ಮತ್ತು ತಿನ್ನದವರು! ನೇಕಾರರ ಹುಡುಗಿ ಮಗ್ಗದ ಗುಂಡಿಗೆ ಚಪ್ಪಲಿ ಕಾಲಲ್ಲಿ ಇಳಿಯಬಾರದು ಎಂದು ತಂದಳು. ನೀವು ಮದುವೆಗೆ ಉಡುವ ಮೊಳಕಾಲ್ಮುರು ಸೀರೆ ಅಂಥ ಮಗ್ಗದಲ್ಲೇ ನೇಯ್ದದ್ದು. ಮುಸ್ಲಿಮರ ಹುಡುಗ ರೊಟ್ಟಿ ಚೂರು ನೆಲಕ್ಕೆ ಬಿದ್ದರೆ ತುಳಿಯಬಾರದು, ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಬರೆದರೆ, ಲಿಂಗಾಯತರ ಹುಡುಗ, "ನಮ್ಮಜ್ಜನೂ ಹಂಗೇ ಅಂತೈತೆ" ಎಂದು ಕೂಗಿದ. ಕೇರಿಯ ಹುಡುಗನೊಬ್ಬ ಒಂದೇ ಸಾಲು ಬರೆದಿದ್ದ: ಗುಡಿ ಒಳಗೆ ಹೋಗಬಾರದು. ಅವನು ಬರೆದದ್ದು ತನ್ನ ಮನೆಯ ನಿಯಮವನ್ನಲ್ಲ, ಮಿಕ್ಕವರೆಲ್ಲರ ಮನೆಯ ನಿಯಮವನ್ನು. ಅದನ್ನು ಗಟ್ಟಿಯಾಗಿ ಓದಿದಾಗ ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ನಾನೂ ಏನೂ ಹೇಳಲಾರದೆ ಮುಂದಿನ ಪುಸ್ತಕ ತೆಗೆದುಕೊಂಡೆ. ಅದು ನನ್ನ ಹೇಡಿತನ.

ಮುಂದಿನ ಪುಸ್ತಕ ಹಟ್ಟಿಯ ಹುಡುಗಿಯದು. ಬಾರೆ ಬೇಲಿಯೊಳಗೆ ಚಪ್ಪಲಿ ಕೂಡದು, ಹೊತ್ತು ಮುಳುಗಿದ ಮೇಲೆ ಇಂಥದ್ದನ್ನು ಕೊಡಬಾರದು ಎಂದೆಲ್ಲ ಬರೆದು, ಕೊನೆಗೆ ಸಣ್ಣ ಅಕ್ಷರದಲ್ಲಿ, ಹೆಂಗಸರು ಮುಟ್ಟಾದರೆ ಹಟ್ಟಿ ಒಳಗೆ ಬರಬಾರದು ಎಂದು ಬರೆದಿದ್ದಳು. ನಾನು ಆ ಸಾಲನ್ನು ಓದದೆ ಬಿಟ್ಟೆ.

ಡಿಸೆಂಬರಿನಲ್ಲಿ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದೆವು. ನಮ್ಮ ತಾಲ್ಲೂಕಿನದೇ ಊರು, ಈಗ ಅಶೋಕ ಸಿದ್ದಾಪುರ ಎನ್ನುತ್ತಾರೆ. ಅಲ್ಲಿಯೂ, ಸಿದ್ದಾಪುರದಲ್ಲಿಯೂ, ಜಟಿಂಗ ರಾಮೇಶ್ವರ ಬೆಟ್ಟದ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಮೂರನ್ನೂ 1892ರಲ್ಲಿ ಕಂಡುಹಿಡಿದವರು ಬಿ. ಎಲ್. ರೈಸ್. ಈ ರೈಸ್ ಸಾಹೇಬರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಮರೆತುಹೋಗಿದ್ದ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿದ್ದೂ ಅದೇ 1837ರಲ್ಲಿ. ರೈಸರು ಶಾಸನದ ಬೆನ್ನು ಹತ್ತುವ ಮೊದಲು ನಮ್ಮವರೇ, ಅಂದರೆ ಶಿಕ್ಷಣ ಇಲಾಖೆಯವರು. ಮೇಷ್ಟರಾಗಿ, ಇನ್‌ಸ್ಪೆಕ್ಟರಾಗಿ, ಆಮೇಲೆ ಮೈಸೂರು ಸೀಮೆಯ ವಿದ್ಯಾ ಇಲಾಖೆಗೇ ಮುಖ್ಯಸ್ಥರಾದರು. ಹೋಬಳಿಗೊಂದು ಸರ್ಕಾರಿ ಶಾಲೆ ಬೇಕು ಎಂದು 1868ರಲ್ಲಿ ಯೋಜನೆ ಹಾಕಿಕೊಟ್ಟವರು ಅವರೇ. ಶಾಲೆ ತನಿಖೆಗೆ ಹಳ್ಳಿ ಹಳ್ಳಿ ಸುತ್ತುವಾಗಲೇ ಕಲ್ಲಿನ ಮೇಲಿನ ಅಕ್ಷರದ ಹುಚ್ಚು ಹಿಡಿದದ್ದು ಅವರಿಗೆ. ನಮ್ಮ ಕಾಲದ ಇನ್‌ಸ್ಪೆಕ್ಟರುಗಳಿಗೆ ಹಾಜರಿ ಪುಸ್ತಕದ ಹುಚ್ಚು ಬಿಟ್ಟರೆ ಬೇರೆ ಕಂಡದ್ದಿಲ್ಲ.

ಹೋಬಳಿ ಶಾಲೆಗೆ ಮುಂಚೆ ಇದ್ದದ್ದು ಕೂಲಿಮಠ. ಮಕ್ಕಳು ಮರಳಿನ ಮೇಲೆ ತಿದ್ದುತ್ತಿದ್ದರು, ಅಯ್ಯನವರಿಗೆ ಕಾಳುಕಡಿ ಕೊಡುತ್ತಿದ್ದರು. ಧರ್ಮಬೋಧನೆ ಬೇರೆ ತಾಸಿನಲ್ಲಿ ಇರಲಿಲ್ಲ, ಅಕ್ಷರದಲ್ಲೇ ಬೆರೆತಿತ್ತು. ನಮ್ಮ ಗಡಿಯಲ್ಲಿ ತೆಲುಗು ಮಾತಾಡುವ ಅಜ್ಜಿಯರು ಅಕ್ಷರಾಭ್ಯಾಸಕ್ಕೆ ಇಂದಿಗೂ ಓನಮಾಲು ಎನ್ನುತ್ತಾರೆ, ಕನ್ನಡದಲ್ಲಿ ಓನಾಮ. ಅದು ಓಂ ನಮಃ ಶಿವಾಯ, ಸಿದ್ಧಂ ನಮಃ ಎಂದು ಬರೆದು ಶುರು ಮಾಡುತ್ತಿದ್ದುದರಿಂದ ಬಂದದ್ದು. ಅದರಲ್ಲಿ ಶಿವ ಇದ್ದಾನೆ, ಸಿದ್ಧಂ ಎನ್ನುವಾಗ ಜೈನರ ಸಿದ್ಧರೂ ಇದ್ದಾರೆ ಎನ್ನುತ್ತಾರೆ ತಿಳಿದವರು. ತಿದ್ದುವ ಮಗುವಿಗೆ ಇದೊಂದೂ ಗೊತ್ತಿರಲಿಲ್ಲ.

ಬ್ರಹ್ಮಗಿರಿಯ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. ಓದಲು ಬಾರದಿದ್ದರೂ ಅದು ಅಕ್ಷರ ಎಂದು ಅವರಿಗೆ ಗೊತ್ತಿತ್ತು. ಜಟಿಂಗ ರಾಮೇಶ್ವರದ ಬಂಡೆಯ ಹೆಸರು ಇನ್ನೂ ಚೆನ್ನ, ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರಂತೆ. ಅಲ್ಲಿನ ಶಾಸನ ಬಹಳ ಸವೆದಿದೆ. ನಮ್ಮ ಮುತ್ತಜ್ಜಿಯರು ಚಕ್ರವರ್ತಿಯ ಮಾತಿನ ಮೇಲೆ ಕೂತು ಹಸಿರು ಬಳೆ ಚೌಕಾಸಿ ಮಾಡಿದ್ದಾರೆ, ಆತನಿಗೆ ಇದು ಆಗಬೇಕಾದ್ದೇ ಅನ್ನಿಸುತ್ತದೆ ನನಗೆ. ಯಾಕೆ ಗೊತ್ತೇ? ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯಲ್ಲಿಯೂ ಇರುವ ತನ್ನ 9ನೇ ಶಾಸನದಲ್ಲಿ ಅಶೋಕ, ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣ ಅಂತ ಜನ ಏನೇನೋ ಶಾಸ್ತ್ರ ಮಾಡುತ್ತಾರೆ, ಅದರಲ್ಲೂ ಹೆಂಗಸರದ್ದು ಬಹಳ, ಪ್ರಯೋಜನವಿಲ್ಲದ್ದು ಎಂದು ಹೀಗಳೆದಿದ್ದಾನೆ. ಆರತಿ ಎತ್ತುವವರು ನಾವಾದ್ದರಿಂದ ಬೈಸಿಕೊಳ್ಳುವವರೂ ನಾವೇ. ಆಗಿನಿಂದಲೂ!

ಬ್ರಹ್ಮಗಿರಿಯದು ಹದಿಮೂರು ಸಾಲು, ಪ್ರಾಕೃತ ಭಾಷೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಎಂಬ ಇಲ್ಲಿಯ ಊರಿನ ಅಧಿಕಾರಿಗಳಿಗೆ ಕ್ಷೇಮ ಕೇಳಿ ಬರೆಸಿದ ಕಾಗದ ಅದು. ಮೊದಲ ಭಾಗದಲ್ಲಿ ಅಶೋಕ ತನ್ನ ಸಂಗತಿ ಹೇಳಿಕೊಳ್ಳುತ್ತಾನೆ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟು ಶ್ರದ್ಧೆಯಿಂದ ಇರಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಶ್ರಮಪಟ್ಟೆ ಅಂತ. ಚಕ್ರವರ್ತಿಯೊಬ್ಬ ನಾನು ಮೊದಲು ಸೋಮಾರಿಯಾಗಿದ್ದೆ ಎಂದು ಕಲ್ಲಿನಲ್ಲಿ ಕೊರೆಸುವುದು ನೋಡಿ! ಎರಡನೆಯ ಭಾಗದಲ್ಲಿ ಜನರು ಮಾಡಬೇಕಾದದ್ದು ಬರುತ್ತದೆ: ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರೊಡನೆ ತಕ್ಕ ಹಾಗೆ ನಡೆಯಬೇಕು. ಇದು ಪುರಾತನವಾದ ನಡತೆ, ಇದರಿಂದ ಆಯುಸ್ಸು ಬೆಳೆಯುತ್ತದೆ ಎಂದು ಮುಗಿಯುತ್ತದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ. ತನ್ನ ಕಸುಬಿನ ಹೆಸರನ್ನು ಮಾತ್ರ ಅವನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಊರು ಬಿಟ್ಟು ಬಂದವನಿಗೆ ತನ್ನ ಅಕ್ಷರದ ನೆನಪಾಯಿತೋ ಏನೋ.

ಮಕ್ಕಳಿಗೆ ಇಷ್ಟನ್ನೂ ಹೇಳಿದೆ. ರೊಪ್ಪದ ಹುಡುಗ, "ಹಂಗಾದ್ರೆ ರಾಜ ಬೌದ್ಧನಾದ್ಮ್ಯಾಲೆ ಎಲ್ರೂನೂ ಆಗ್ರಿ ಅಂದ್ನಾ ಮೇಡಂ?" ಎಂದು ಕೇಳಿದ. ನಾನು ಟಿಪ್ಪಣಿ ತೆಗೆದು ಮತ್ತೆ ನೋಡಿದೆ. ಇಲ್ಲ, ಎರಡನೆಯ ಭಾಗದಲ್ಲಿ ಬುದ್ಧನ ಹೆಸರೂ ಇಲ್ಲ, ಯಾವ ದೇವರ ಹೆಸರೂ ಇಲ್ಲ. ತಾನು ಯಾರೆಂಬುದನ್ನು ಮುಚ್ಚಿಡದೆ ಹೇಳಿಕೊಂಡು, ಎಲ್ಲರಿಂದ ಕೇಳುವುದನ್ನು ಬೇರೆಯಾಗಿ ಕೇಳಿದ್ದಾನೆ. ಕೊಠಾರಿ ಆಯೋಗದ ವಾಕ್ಯ ಓದಿ ನನಗೆ ಅರ್ಥವಾಗದೇ ಇದ್ದದ್ದು ಆ ಬಂಡೆಯ ಮುಂದೆ ಸ್ವಲ್ಪ ಅರ್ಥವಾಯಿತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಎಂಬತ್ತರ ದಶಕದ ಕೊನೆಯಲ್ಲಿ ಸಿಕ್ಕಿದ ಶಾಸನದ ಸಂಗತಿ ಆಮೇಲೆ ತಿಳಿಯಿತು. ಅಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ 12ನೇ ಶಾಸನದ ಭಾಗವಿತ್ತು. ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರದನ್ನು ತೆಗಳುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎನ್ನುವ ಶಾಸನ ಅದು.

ಅದೇ ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಲುಚಪ್ಪಡಿಯ ಸಮಾಧಿಗಳು, ಅವುಗಳೊಳಗೆ ಮಡಕೆ ಕುಡಿಕೆಗಳು ಸಿಕ್ಕವು. ಸತ್ತವರ ಪಕ್ಕ ಮಡಕೆ ಇಟ್ಟವರಿಗೂ ಒಂದು ನಂಬಿಕೆ ಇತ್ತಲ್ಲ. ಅದಕ್ಕೆ ಏನೆಂದು ಹೆಸರು? ನನ್ನ ಪಟದ ಯಾವ ಮೂಲೆಯಲ್ಲಿ ಅಂಟಿಸಲಿ ಅದನ್ನು?

ಹಿಂದಿರುಗುವಾಗ ಹಟ್ಟಿಯ ಹುಡುಗಿ ನನ್ನ ಪಕ್ಕಕ್ಕೆ ಬಂದು ನಡೆಯತೊಡಗಿದಳು. ಸ್ವಲ್ಪ ದೂರ ಸುಮ್ಮನಿದ್ದು, "ಮುಟ್ಟಾದೋರು ಹೊರಗಿರ್ಬೇಕು ಅಂತ ಆ ಗುಂಡಿನ ಮ್ಯಾಲೆ ಐತಾ ಮೇಡಂ?" ಎಂದಳು.

"ಇಲ್ಲ ಕಣೇ."

"ಹಂಗಾದ್ರೆ ನಮ್ದು ಯಾವ ಗುಂಡಿನ ಮ್ಯಾಲೆ ಬರ್ದೈತೆ?"

ಓದದೆ ಬಿಟ್ಟ ಸಾಲು ನನಗೂ ಅವಳಿಗೂ ಇಬ್ಬರಿಗೂ ನೆನಪಿತ್ತು. ನಾನು ಮಾತು ಹಾರಿಸಿದೆ.

ಜನವರಿ ಕೊನೆಯಲ್ಲಿ ಅವಳು ಶಾಲೆಗೆ ಬರುವುದು ನಿಂತಿತು. ಒಂದು ವಾರ, ಎರಡು ವಾರ. ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು, ಮಾರ್ಚ್ ಹತ್ತಿರ ಬರುತ್ತಿತ್ತು. ಹಟ್ಟಿಯ ಹುಡುಗರನ್ನು ಕೇಳಿದರೆ ಕಿಸಿಕಿಸಿ ನಕ್ಕರು. ನಾನೇ ಹೋದೆ. ಹಟ್ಟಿಯ ಹೊರಗೆ, ಬಾರೆ ಬೇಲಿಯಿಂದ ಕೂಗಳತೆಯಲ್ಲಿ, ಹುಲ್ಲು ಹೊದಿಸಿದ ಒಂದು ಚಿಕ್ಕ ಗುಡಿಸಲು. ಒಳಗೆ ನಿಂತರೆ ತಲೆ ತಗಲುತ್ತದೆ. ಅವಳು ಬಾಗಿಲಲ್ಲಿ ಕೂತು ಪುಸ್ತಕ ಹಿಡಿದಿದ್ದಳು. ಮೊದಲ ಸಲವಾದ್ದರಿಂದ ಹೆಚ್ಚು ದಿನ. ಪಕ್ಕದಲ್ಲಿ ಅಜ್ಜಿ, ಕಾವಲಿಗೆ.

ನಾನು ಹೋಗುವಾಗ ತಲೆಯ ತುಂಬ ಭಾಷಣ ಕಟ್ಟಿಕೊಂಡು ಹೋಗಿದ್ದೆ. ಅಜ್ಜಿ, "ಬಾ ನಮ್ಮವ್ವ, ಆ ಕಲ್ಲಿನ ಮ್ಯಾಲೆ ಕುಂತ್ಕ, ಮೈಲಿಗೆ ಆದೀಯ" ಎಂದು ದೂರದ ಕಲ್ಲು ತೋರಿಸಿದಳು. ಎಲ್ಲ ಕೇಳಿಕೊಂಡಳು. ಕೋಪ ಮಾಡಿಕೊಳ್ಳಲಿಲ್ಲ. ಕೊನೆಗೆ, "ನಿಮ್ಮನ್ಯಾಗೆ ಮೂರು ದಿನ ಹೊರಗೆ ಕುಂಡ್ರಲ್ವಾ ಟೀಚರಮ್ಮ?" ಎಂದು ಕೇಳಿದಳು.

ಕೂರುತ್ತಿದ್ದೆವು. ಚಳ್ಳಕೆರೆಯ ನಮ್ಮ ಮನೆಯ ಹಿತ್ತಿಲ ಜಗಲಿಯಲ್ಲಿ ನಮ್ಮಮ್ಮನಿಗೆ ಬೇರೆ ಚಾಪೆ, ಬೇರೆ ಚೊಂಬು ಇತ್ತು. ನನಗೂ ಇತ್ತು. ಮದುವೆಯಾದ ಮೇಲೆ ಬೇರೆ ಮನೆ ಮಾಡಿದ್ದರಿಂದ ಬಿಟ್ಟುಹೋಗಿತ್ತೇ ಹೊರತು ನಾನಾಗಿ ಬಿಟ್ಟದ್ದಲ್ಲ. ನಮ್ಮದು ಜಗಲಿ, ಅವರದು ಗುಡಿಸಲು. ಹಾಗೆ ನೋಡಿದರೆ ಶಾಲೆಯಲ್ಲೇ ಏನು ನಡೆಯುತ್ತಿತ್ತು? ಪ್ರತಿ ಶುಕ್ರವಾರ ಸರಸ್ವತಿ ಪೂಜೆ. ಹೂವು ಮುಡಿಸುವ ಮೊದಲು ನಾವು ಟೀಚರುಗಳು ಏಳನೇ ಕ್ಲಾಸಿನ ಹುಡುಗಿಯರ ಕಿವಿಯಲ್ಲಿ, "ಯಾರಾದರೂ ಹೊರಗಿದ್ದೀರೇನೇ, ಹಿಂದೆ ನಿಲ್ಲಿ" ಎಂದು ಪಿಸುಗುಟ್ಟುತ್ತಿದ್ದೆವು. ಸಂವಿಧಾನದ 28ನೇ ವಿಧಿ ಓದಿ ಮುಗಿಸಿದ್ದವಳು ನಾನು! ಪಾಠ ಮಾಡುವಾಗ ಮಾತ್ರ ಧರ್ಮಬೋಧನೆ ಕೂಡದು ಎಂದು ಎಚ್ಚರವಾಗಿದ್ದೆ. ನಿಜವಾದ ಬೋಧನೆ ಆ ಪಿಸುಮಾತಿನಲ್ಲಿ ಆಗಿಹೋಗುತ್ತಿತ್ತು.

ಅಜ್ಜಿಗೆ, "ಕೂರುತ್ತಿದ್ದೆವಮ್ಮ" ಎಂದೆ. ಭಾಷಣವೆಲ್ಲ ಅಲ್ಲಿಗೆ ಮುಗಿಯಿತು. "ಪರೀಕ್ಷೆ ಬರೆಯದಿದ್ದರೆ ಒಂದು ವರ್ಷ ಹಾಳಾಗುತ್ತದೆ" ಎಂದಷ್ಟೇ ಹೇಳಿ ಕೂತೆ.

ಅಜ್ಜಿ ಬಹಳ ಹೊತ್ತು ಯೋಚಿಸಿದಳು. ಆ ಕಡೆಯ ಹಟ್ಟಿಗಳ ಮುದುಕಿಯರನ್ನು ಅನಕ್ಷರಸ್ಥರೆಂದು ನಾವು ಲಘುವಾಗಿ ಕಾಣುತ್ತೇವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಆಕೆಯ ನೆನಪಿನಲ್ಲಿ ಇದ್ದದ್ದು ಸಾವಿರಾರು ಪದಗಳು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡು ಸಾವಿರದ ಸಿರಿಬೆಳಗು ಎಂಬ ಪುಸ್ತಕವನ್ನೇ ಮಾಡಿದರು. ನನ್ನ ಮುಂದಿದ್ದ ಅಜ್ಜಿಯೂ ಪದ ಹೇಳುವವಳೇ. ಏನು ಹೇಳಿದೆ, ಏನು ಹೇಳಿಲ್ಲ ಎನ್ನುವುದನ್ನು ತೂಕ ಮಾಡಿ ನೋಡುವುದು ಅವಳಿಗೆ ಗೊತ್ತಿತ್ತು.

"ಹಟ್ಟಿ ಒಳಾಕ್ ಬರಬ್ಯಾಡ ಅಂತ ದೇವ್ರು ಹೇಳೈತೆ" ಎಂದಳು. "ಇಸ್ಕೂಲಿಗೆ ಹೋಗಬ್ಯಾಡ ಅಂತ ಹೇಳಿಲ್ಲ. ಇಸ್ಕೂಲು ಹಟ್ಟಿಯಾಗಿಲ್ವಲ್ಲ. ಕರ್ಕಂಡು ಹೋಗು. ಸಂಜೆಕೆ ಇಲ್ಲಿಗೇ ಬರ್ಬೇಕು, ನೋಡು."

ಅದನ್ನು ಗೆಲುವು ಎನ್ನಲೇ? ಇಂದಿಗೂ ನನಗೆ ತಿಳಿಯದು. ಅಷ್ಟು ದೊಡ್ಡ ಬೇಲಿಯಲ್ಲಿ ಅಜ್ಜಿ ಒಂದು ಸಂದಿ ಮಾಡಿಕೊಟ್ಟಳು, ನಾನು ಅದರಲ್ಲಿ ತೂರಿದೆ. ಗುಡಿಸಲು ಗುಡಿಸಲಾಗಿಯೇ ಉಳಿಯಿತು. ಮಾರ್ಚಿಯಲ್ಲಿ ಪರೀಕ್ಷೆಯ ಎರಡನೆಯ ದಿನ ಮತ್ತೆ ಅವಳ ಸರದಿ ಬಂತು. ಗುಡಿಸಲಿನಿಂದಲೇ ಎದ್ದು, ಅಜ್ಜಿ ತಲೆಗೆ ನೀರು ಹಾಕಿ ಕಳಿಸಿದ ಮೇಲೆ, ಪರೀಕ್ಷೆಯ ಊರಿಗೆ ನಡೆದು ಬಂದು ಬರೆದಳು. ಆ ರಾತ್ರಿ ಹಟ್ಟಿಯ ಹೊರಗೆ ಬುಡ್ಡಿ ದೀಪದಲ್ಲಿ ಓದಿದಳಂತೆ. ಹಾವು ಹುಳದ ಜಾಗ. ಪಾಸಾದಳು. ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕಾಗಿತ್ತು, ಕಳಿಸಲಿಲ್ಲ. ಎರಡು ವರ್ಷಕ್ಕೆ ಮದುವೆ ಮಾಡಿದರು.

ಶುಕ್ರವಾರದ ಪಿಸುಮಾತನ್ನು ನಾನು ನಿಲ್ಲಿಸಿದೆ. ಘೋಷಣೆಯೇನೂ ಮಾಡಲಿಲ್ಲ, ಕೇಳುವುದನ್ನು ಬಿಟ್ಟೆ, ಅಷ್ಟೇ. ಜೊತೆಯ ಟೀಚರೊಬ್ಬರಿಗೆ ಗೊತ್ತಾಗಿ, ಮಕ್ಕಳಿಗೆ ವಿದ್ಯೆ ಹತ್ತದೆ ಹೋದರೆ ಪಾಪ ಯಾರಿಗೆ ಎಂದು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. ಪಟ್ಟಿ ಬರೆಸುವುದನ್ನು ಮಾತ್ರ ಬಿಡಲಿಲ್ಲ. 1996ರಲ್ಲಿ ಚಳ್ಳಕೆರೆಗೆ ವರ್ಗವಾದ ಮೇಲೂ ಪ್ರತಿ ಜೂನಿನಲ್ಲಿ ಬರೆಸಿದೆ. ಒಂದು ಬದಲಾವಣೆ ಮಾಡಿಕೊಂಡೆ. "ನಿಮ್ಮ ಮನೆಯಲ್ಲಿ ಮಾಡಬಾರದ್ದು" ಎಂದು ಒಂದು ಕಡೆ, "ನಿಮಗೆ ಬೇರೆಯವರು ಮಾಡಬಾರದು ಅನ್ನುವುದು" ಎಂದು ಇನ್ನೊಂದು ಕಡೆ. ಕೇರಿಯ ಹುಡುಗ ಕಲಿಸಿದ ಪಾಠ ಅದು. ಎರಡನೆಯ ಪಟ್ಟಿಯನ್ನು ಗಟ್ಟಿಯಾಗಿ ಓದಲು ನನಗೆ ಧೈರ್ಯ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಒಂದು ಸಲ ಪೋಷಕರು ಗುಂಪಾಗಿ ಬಂದು ನನ್ನನ್ನು ಕೇಳಿದ್ದೂ ಇದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಬ್ರಹ್ಮಗಿರಿಯ ಶಾಸನದ ಕೊನೆಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಇದು ಪುರಾತನವಾದ ನಡತೆ ಎನ್ನುತ್ತಾನೆ ಅಶೋಕ. ಹಟ್ಟಿಯವರೂ ಅದನ್ನೇ ಅನ್ನುತ್ತಾರೆ, ಇದು ಹಿಂದಿನಿಂದ ಬಂದದ್ದು ಎಂದು. ತಾಯಿಯ ಮಾತು ಕೇಳು ಎಂದರೂ ಪುರಾತನ, ತಾಯಿಯನ್ನು ಮೂರು ದಿನ ಬೇಲಿಯಾಚೆ ಕೂರಿಸು ಎಂದರೂ ಪುರಾತನ. ಮಕ್ಕಳ ಮುಂದೆ ನಿಂತು ಎಲ್ಲ ಧರ್ಮವನ್ನೂ ಗೌರವಿಸಿ ಎಂದು ಹೇಳುವಾಗ, ಆ ಎರಡರಲ್ಲಿ ಯಾವುದನ್ನು ಗೌರವಿಸಲು ಹೇಳುತ್ತಿದ್ದೇನೆ ಎಂದು ನಾಲಿಗೆ ತಡೆಯುತ್ತಿತ್ತು. 2017ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಅನಿಷ್ಟ ಪದ್ಧತಿಗಳ ವಿರುದ್ಧ ಕಾಯಿದೆ ಮಾಡಿತು, 2020ರಲ್ಲಿ ಜಾರಿಗೆ ಬಂತು. ಮುಟ್ಟಾದ ಹೆಂಗಸರನ್ನು, ಬಾಣಂತಿಯರನ್ನು ಬಲವಂತವಾಗಿ ಊರ ಹೊರಗಿಡುವುದು ಅದರಲ್ಲಿ ಅಪರಾಧ. ಅತ್ತ ಅದೇ ಸರ್ಕಾರದ ಹಣದಿಂದ ಕೆಲವು ಹಟ್ಟಿಗಳ ಅಂಚಿನಲ್ಲಿ ಹೊರಗಿರುವ ಹೆಂಗಸರಿಗೆಂದು ಕಟ್ಟಡಗಳೂ ಎದ್ದಿವೆ. ಎರಡನ್ನೂ ಒಟ್ಟಿಗೆ ಮಕ್ಕಳಿಗೆ ಹೇಗೆ ವಿವರಿಸುವುದೋ, ಯಾರಾದರೂ ಇನ್‌ಸ್ಪೆಕ್ಟರು ಬಂದು ತೋರಿಸಿಕೊಡಬೇಕು.

ನಾನು 2023ರಲ್ಲಿ ನಿವೃತ್ತಳಾದೆ. ಅದಕ್ಕೆ ಸ್ವಲ್ಪ ಮುಂಚೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರೋ, "ಮೇಡಂ" ಎಂದು ಸೆರಗು ಹಿಡಿದು ನಿಲ್ಲಿಸಿದರು. ಗುರುತು ಸಿಕ್ಕಲು ಒಂದು ನಿಮಿಷ ಬೇಕಾಯಿತು. ಮೂವತ್ತು ವರ್ಷ ಎಂದರೆ ಸಣ್ಣ ಮಾತೇ? ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ಅಜ್ಜಿಯ ವಿಚಾರ ಕೇಳಿದೆ. "ಹೋಗಿ ಹನ್ನೆರಡು ವರ್ಷಾತು ಮೇಡಂ. ಪದ ಎಲ್ಲಾ ಅದ್ರ ಜತೆಗೇ ಹೋದ್ವು" ಎಂದಳು.

ಕೇಳಬಾರದು ಅಂದುಕೊಂಡರೂ, "ಈಗಲೂ ಹೊರಗೇ ಇರುತ್ತೀರಾ?" ಎಂದು ಕೇಳಿಯೇಬಿಟ್ಟೆ.

"ಗುಡಿಸ್ಲು ಇಲ್ಲ ಮೇಡಂ, ಆರ್‌ಸಿಸಿ ಮನೆ ಕಟ್ಟವ್ರೆ. ಕರೆಂಟು ಐತೆ."

ಮಗಳು ಬ್ಯಾಗು ಸರಿಮಾಡಿಕೊಳ್ಳುತ್ತಾ, "ನಾನು ಹಾಸ್ಟೆಲ್‌ನಾಗಿರ್ತೀನಿ ಟೀಚರ್. ಊರಿಗೆ ಬಂದಾಗ ಹೇಳೋದೇ ಇಲ್ಲ" ಎಂದಳು. ತಾಯಿ ಅವಳ ತೋಳಿಗೆ ಮೆಲ್ಲಗೆ ಹೊಡೆದಳು. ಹೊಡೆದು, ನನ್ನ ಕಡೆ ನೋಡಿ ನಕ್ಕಳು. ಅಷ್ಟರಲ್ಲಿ ಮೊಳಕಾಲ್ಮುರಿನ ಬಸ್ಸು ಬಂತು, ಸೀಟು ಹಿಡಿಯಲು ಇಬ್ಬರೂ ಓಡಿದರು.